ವೆಲ್ಟನ್‌ಗೆ ಎಷ್ಟು ವೋಲ್ಟು?

೪ ಜೂನ್ ೨೦೦೧, ಸೋಮವಾರ

ಮಾವನವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ಹತ್ತಿರ ಹತ್ತಿರ ತಿಂಗಳಾಯಿತು. ಪುರುಸೊತ್ತಾಗಿ ಕೂತು ಬರೆಯುತ್ತಿರುವುದು ಇವತ್ತೇ, ಅದೂ ಅವರು ಊಟ ಮಾಡಿ ಮಲಗಿದ್ದಾರೆಂದು. ಲಕ್ವ ಹೊಡೆದು ಬಲಗೈ ಸ್ವಾಧೀನದಲ್ಲಿಲ್ಲ. ಬಲಗಾಲನ್ನು ಎಳೆದುಕೊಂಡು ಬಚ್ಚಲಿಗೆ ಹೋಗುವಷ್ಟು ಮಾಡುತ್ತಾರೆ, ನನ್ನ ಹೆಗಲ ಮೇಲೆ ಭಾರ ಹಾಕಿ. ಮಾತು ಹೋಗಿದೆ. ಪೂರ್ತಿ ಹೋಗಿಲ್ಲ, ಒಂದೇ ಒಂದು ಮಾತು ಉಳಿದಿದೆ: "ಆಯ್ತಲ್ಲ." ನೀರು ಬೇಕಾದರೂ ಆಯ್ತಲ್ಲ, ಬೇಡವಾದರೂ ಆಯ್ತಲ್ಲ. ಹಾಸಿಗೆ ಒದ್ದೆಯಾದ ಮೇಲೂ ಅದೇ ಮಾತು. ಅಲ್ಲಿ ಮಾತ್ರ ಅರ್ಥ ಸರಿಹೊಂದುತ್ತದೆ.

ಮಾವನವರು ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಬೇರೆಯವರು ಮಾಡಿದ್ದನ್ನು ನೋಡಿ ತಪ್ಪು ಹುಡುಕುವುದೇ ಶ್ರೀನಿವಾಸಮೂರ್ತಿಗಳ ಉದ್ಯೋಗ. ನಿವೃತ್ತಿಯಾದ ಮೇಲೆ ಆ ಉದ್ಯೋಗ ಮನೆಗೆ ಬಂತು. ನಾನು ತಂದ ಹುರುಳಿಕಾಯಿಯಲ್ಲಿ ಒಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಲಟಕ್ ಎಂದರೆ ಸರಿ. ನಾರು ಬಂದರೆ "ರಿಜೆಕ್ಟ್." ಪೂರ್ತಿ ಚೀಲ ಪಕ್ಕಕ್ಕೆ. ನನ್ನ ಸಾರು, ನಾನು ಮಡಿಸಿದ ಪಂಚೆ, ಗುಡಿಸಿದ ನೆಲ, ಎಲ್ಲಕ್ಕೂ ಅದೇ ಮುದ್ರೆ. ಈಗ ಆ ಮಾತೂ ಹೋಗಿದೆ. ಈ ಕಾಯಿಲೆ ನನಗೆ ಮಾಡಿದ ಉಪಕಾರ ಅದೊಂದೇ. ಬರೆದ ಮೇಲೆ ಹೊಡೆದುಹಾಕೋಣ ಅನ್ನಿಸಿತು, ಹಾಕಲಿಲ್ಲ. ಇದನ್ನು ಓದುವವರಾದರೂ ಯಾರು.

ಆಗಸ್ಟ್ ಕೊನೆಗೆ ನನ್ನ ರಜೆ ಮುಗಿಯುತ್ತದೆ. "ಮಕ್ಕಳೂ ಇಲ್ಲವಲ್ಲ, ಕೆಲಸ ಬಿಟ್ಟು ನೋಡಿಕೊಳ್ಳಬಾರದಾ" ಎಂದು ನಾದಿನಿ ಫೋನಿನಲ್ಲಿ ಅಂದಳು. ನಾನು ಬಿಡುವುದಿಲ್ಲ. ಹಲಸೂರಿನ ಅಮ್ಮಣ್ಣಿ ಈಗ ಬೆಳಗಿನ ಹೊತ್ತು ಬಂದು ಮೈಗೆ ಎಣ್ಣೆ ಹಚ್ಚಿ ಹೋಗುತ್ತಾಳೆ. ದಿನವಿಡೀ ಇರುತ್ತೀಯಾ ಎಂದರೆ, "ಇರ್ತೀನಿ ಅಕ್ಕಾ, ಆದ್ರೆ ತಾತ ಏನ್ ಬೇಕು ಅಂತ ಹೇಳಲ್ವಲ್ಲ. ಎದೆ ನೋವು ಬಂದ್ರೂ ಆಯ್ತಲ್ಲ ಅಂದ್ರೆ ನಾನೇನ್ ಮಾಡ್ಲಿ?" ಎಂದಳು. ತಪ್ಪಿಲ್ಲ. ಹಾಗಾಗಿ ನನ್ನ ಗಂಡ ವಿಕ್ರಮ್ ಕೆ.ಆರ್. ಪುರದಲ್ಲಿ ಒಂದು ಆರೈಕೆ ಮನೆ ವಿಚಾರಿಸಿ ಬಂದಿದ್ದಾರೆ. ಆಗಸ್ಟ್ ಹೊತ್ತಿಗೆ ಮಾವನವರು ತಮಗೆ ಬೇಕಾದ್ದನ್ನು ಹೇಗೋ ತಿಳಿಸುವಂತಾದರೆ ಮನೆ, ಇಲ್ಲದಿದ್ದರೆ ಅಲ್ಲಿಗೆ. ನನಗೇನೂ ಬೇಜಾರಿಲ್ಲ. ನಿದ್ದೆ ಮಾಡಬೇಕು, ಅಷ್ಟೇ.

೯ ಜೂನ್, ಶನಿವಾರ

ಅತ್ತೆಯವರ ಕೊನೆಗಾಲದಲ್ಲಿ ತಂದಿದ್ದ ತೂತಿನ ಕುರ್ಚಿ ಅಟ್ಟದ ಮೇಲಿದೆ ಎಂದು ವಿಕ್ರಮ್ ಏಣಿ ಹತ್ತಿದರು. ಕುರ್ಚಿಯ ಜೊತೆ ಒಂದು ರಟ್ಟಿನ ಪೆಟ್ಟಿಗೆ ಜಾರಿ ಬಂತು. ಒಳಗೆ ಒಂದು ಕಂಪ್ಯೂಟರ್. ನಮ್ಮ ಆಫೀಸಿನಲ್ಲಿ ಇರುವಂಥದ್ದಲ್ಲ. ಟೈಪ್‌ರೈಟರಿನ ಗುಂಡಿಗಳಿರುವ ಬೂದು ಬಣ್ಣದ ಹಲಗೆ. ಟೀವಿಗೆ ಸಿಕ್ಕಿಸಿದರೆ ಟೀವಿಯೇ ಅದರ ಪರದೆಯಂತೆ. ಮೇಲೆ ವೆಲ್ಟನ್ ೧೬ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಎಂಬತ್ತನಾಲ್ಕರಲ್ಲಿ ಕಾರ್ಖಾನೆಯವರು ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸಿದಾಗ ಮಾವನವರು ತಂದದ್ದು. ಅತ್ತೆಯವರು ಕೇಳಿದ್ದು ಮಿಕ್ಸಿ. ಅವರು ಸಾಯುವವರೆಗೂ ಅದನ್ನು ಹೇಳಿ ನಗುತ್ತಿದ್ದರು. ವಿಕ್ರಮ್ ಆಗ ಸುರತ್ಕಲ್‌ನಲ್ಲಿ ಹಾಸ್ಟೆಲಿನಲ್ಲಿದ್ದರು, ಇದನ್ನು ಮುಟ್ಟಿಯೂ ನೋಡಿಲ್ಲವಂತೆ.

"ಗುಜರಿಗೆ ಹಾಕೋಣ" ಎಂದು ಅವರು ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿದರು. ಆಗ ಮಂಚದಿಂದ ಒಂದು ಶಬ್ದ ಬಂತು. ಮಾವನವರು ಎಡಗೈ ಚಾಚಿದ್ದರು. ಒಂದು ತಿಂಗಳಲ್ಲಿ ಅವರು ತಾವಾಗಿ ಯಾವುದಕ್ಕೂ ಕೈ ಚಾಚಿರಲಿಲ್ಲ, ತಟ್ಟೆಗೂ ಕೂಡ. ತೊಡೆಯ ಮೇಲಿಟ್ಟೆ. ಬೆರಳುಗಳನ್ನು ಗುಂಡಿಗಳ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತರು. ಆಮೇಲೆ ಮುಖದ ಒಂದು ಪಕ್ಕದಿಂದ ಅತ್ತರು, ಇನ್ನೊಂದು ಪಕ್ಕ ಅಲುಗುವುದಿಲ್ಲವಲ್ಲ. ನನಗೆ ನೋಡಲಾಗದೆ ಅಡುಗೆಮನೆಗೆ ಹೋದೆ.

ಪೆಟ್ಟಿಗೆಯಲ್ಲಿ ಪುಸ್ತಕವಿಲ್ಲ, ಕರೆಂಟಿಗೆ ಸಿಕ್ಕಿಸುವ ಅಡಾಪ್ಟರ್ ಇಲ್ಲ. ಒಂದಷ್ಟು ಕ್ಯಾಸೆಟ್ಟು, ಮತ್ತೆ ಒಂದು ವೈರು. ಅದರ ಒಂದು ತುದಿಗೆ ಗುಂಡನೆ ಪಿನ್ನು, ಇನ್ನೊಂದು ತುದಿಗೆ ಮೊಸಳೆ ಬಾಯಿಯಂಥ ಎರಡು ಕ್ಲಿಪ್ಪು, ಒಂದು ಕೆಂಪು, ಒಂದು ಕಪ್ಪು. ಆಸ್ಪತ್ರೆಯ ರಿಪೋರ್ಟುಗಳನ್ನು ಕಚ್ಚಿಸಿಡಲು ಚೆನ್ನಾಗಿದೆ ಎಂದು ನಾನು ತೆಗೆದಿಟ್ಟುಕೊಂಡೆ.

೧೫ ಜೂನ್, ಶುಕ್ರವಾರ

ಸ್ಪೀಚ್ ಥೆರಪಿಯ ಹುಡುಗಿ ಬಂದಿದ್ದಳು. "ಒಂದು ಅನ್ನಿ ಅಂಕಲ್, ಒಂದು… ಎರಡು…" ಮಾವನವರು ಅವಳ ಬಾಯನ್ನೇ ನೋಡಿ "ಆಯ್ತಲ್ಲ" ಎಂದರು. ಕಂಪ್ಯೂಟರಿನ ವಿಷಯ ಹೇಳಿದೆ. ಅವಳಿಗೆ ಖುಷಿಯೋ ಖುಷಿ. "ಅದನ್ನ ಹೇಗಾದ್ರೂ ಆನ್ ಮಾಡಿಸಿ ಆಂಟಿ. ಕೈಗೆ ಅಭ್ಯಾಸ ಇರೋ ಕೆಲ್ಸ ಸಿಕ್ರೆ ತಲೆನೂ ಜೊತೆಗೆ ಬರತ್ತೆ. ಈ ಮೊದಲನೇ ಆರು ತಿಂಗಳೇ ಮುಖ್ಯ." ಹೇಳುವುದು ಸುಲಭ.

ಅಮ್ಮಣ್ಣಿಯನ್ನು ಮಾವನವರ ಹತ್ತಿರ ಕೂರಿಸಿ, ಕಂಪ್ಯೂಟರನ್ನು ಟವೆಲಿನಲ್ಲಿ ಸುತ್ತಿಕೊಂಡು ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಮುನೀರ್ ಎಂಬುವರ ರೇಡಿಯೋ ರಿಪೇರಿ ಅಂಗಡಿ ಇದೆ, ಹಿಂದೆ ನಮ್ಮ ಟೇಪ್ ರೆಕಾರ್ಡರ್ ಅಲ್ಲೇ ಸರಿಯಾಗಿತ್ತು. ನಮಾಜಿಗೆ ಹೋಗಿದ್ದರು, ಬರುವವರೆಗೆ ಮೆಟ್ಟಿಲ ಮೇಲೆ ಕಾದೆ. ಬಂದವರೇ ಹಲಗೆಯನ್ನು ಬೋರಲು ಹಾಕಿದರು.

"ಇಲ್ಲಿ ನೋಡಿ ಮೇಡಂ. ಎಷ್ಟು ವೋಲ್ಟ್ ಕೊಡ್ಬೇಕು ಅಂತ ಇಲ್ಲಿ ಬರ್ದಿರುತ್ತೆ. ಯಾರೋ ಬ್ಲೇಡಲ್ಲಿ ಕೆರ್ದ್‌ಬಿಟ್ಟಿದಾರೆ. ಮನೇಲಿ ಮಕ್ಕಳು ಇದಾರಾ?"

"ಇಲ್ಲ."

ಮುಚ್ಚಳ ಬಿಚ್ಚಿದರು. ಕರೆಂಟು ಒಳಗೆ ಹೋಗುವ ಜಾಗದಲ್ಲಿ ಕಪ್ಪು ಮೇಣ ಸುರಿದು ಗಟ್ಟಿ ಮಾಡಿದ ಪುಟ್ಟ ಡಬ್ಬಿ ಇತ್ತು. "ಫಾರಿನ್ ಕಂಪನಿಯವರು ನೋಡಿ, ಯಾರೂ ಕೈ ಹಾಕ್ಬಾರ್ದು ಅಂತ ಸೀಲ್ ಮಾಡಿಟ್ಟಿದಾರೆ" ಎಂದು ಬೆರಳಲ್ಲಿ ತಟ್ಟಿದರು. "ಇದಕ್ಕೆ ಕಾಗಜ್ ಬೇಕು ಮೇಡಂ. ಮ್ಯಾನ್ಯುಅಲ್. ಅಂದಾಜಲ್ಲಿ ಕೊಟ್ಟು ಒಬ್ರ ಟೂ-ಇನ್-ವನ್ ಸುಟ್ಟಿದೀನಿ ನಾನು. ಅವರು ನಮ್ಮ ಮಸೀದಿಗೇ ಬರೋದು. ಪ್ರತಿ ಶುಕ್ರವಾರ ಮುಖ ನೋಡ್ಬೇಕು. ಇವತ್ತೂ ನೋಡ್ಕೊಂಡೇ ಬಂದೆ."

ಬಂದ ದಾರಿಗೆ ಸುಂಕವಿಲ್ಲವೆಂದು ಟವೆಲ್ ಸುತ್ತಿಕೊಂಡು ವಾಪಸು. ಆಟೋದಲ್ಲಿ ಬರುವಾಗ ಹಲಸೂರು ಕೆರೆಯ ಹತ್ತಿರ ಕಣ್ಣು ಹತ್ತಿಬಿಟ್ಟಿತ್ತು.

೧೬ ಜೂನ್, ಶನಿವಾರ

ಎಂಥ ಪೆದ್ದು ನಾನು, ಗೊತ್ತಿರುವವರು ಮನೆಯಲ್ಲೇ ಇದ್ದಾರಲ್ಲ ಎಂದು ಕೇಳಿದೆ. "ಮಾವ, ಇದಕ್ಕೆ ಎಷ್ಟು ವೋಲ್ಟು?" ಅವರ ಮುಖ ಬೆಳಗಿತು. ಬಾಯಿ ತಿರುಚಿ, ಕಷ್ಟಪಟ್ಟು, "ಏಳು" ಎಂದರು. ಹೊಸ ಮಾತು! ನನಗೆ ಕುಣಿಯುವಂತಾಯಿತು. ವಿಕ್ರಮ್ ಬಂದು "ಅಪ್ಪ, ಎಷ್ಟು ಇಡ್ಲಿ ಹಾಕ್ಲಿ?" ಎಂದರು. "ಏಳು." "ನಿಮ್ಮ ವಯಸ್ಸು?" "ಏಳು." ಹೇಳಿದ್ದು ತಪ್ಪೆಂದು ಅವರಿಗೇ ಗೊತ್ತಾಗುತ್ತಿತ್ತು. ಎಡಗೈಯಿಂದ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು.

ವಿಕ್ರಮ್ ತಲೆಯ ಹತ್ತಿರ ಬೆರಳು ತಿರುಗಿಸಿ ನನ್ನ ಕಡೆ ನೋಡಿದರು. ಬುದ್ಧಿಯೂ ಹೋಗಿದೆ ಎಂದು.

೩ ಜುಲೈ, ಮಂಗಳವಾರ

ಜ್ವರ. ನನಗೆ. ಹಾಸಿಗೆ ಬಟ್ಟೆ ಒಣಗುತ್ತಿಲ್ಲ. ಇಷ್ಟೇ.

೮ ಜುಲೈ, ಭಾನುವಾರ

ಮಾವನವರ ಜೊತೆ ಕೆಲಸ ಮಾಡಿದ ಚಿಕ್ಕವೆಂಕಟಪ್ಪನವರು ಗರುಡಾಚಾರ್‌ಪಾಳ್ಯದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಮ್ಯಾನ್ಯುಅಲ್ ಅವರ ಹತ್ತಿರವೇನಾದರೂ ಇರಬಹುದೆಂದು ಹೋದೆ. ಬಸ್ಸಿನಲ್ಲಿ ನಿಂತೇ ಹೋಗಿದ್ದು, ನಿಂತೇ ಬಂದದ್ದು. ಅವರಲ್ಲಿ ಇಲ್ಲ. ಕಾರ್ಖಾನೆಯ ಲೈಬ್ರರಿಗೆ ಮೂರ್ತಿಗಳು ಒಂದು ಪುಸ್ತಕ ಕೊಟ್ಟ ನೆನಪಂತೆ, ಆ ಲೈಬ್ರರಿಯನ್ನೇ ಗುಜರಿಗೆ ಹಾಕಿದರಂತೆ.

ಕಾಫಿ ಕುಡಿಯುತ್ತಾ ಮಾವನವರ ಕತೆ ಹೇಳಿದರು. "ನಿಮ್ಮ ಮಾವ ಅಂದ್ರೆ ನಮಗೆಲ್ಲಾ ನಡುಕ ಕಣಮ್ಮ. ಒಂದು ಸಾಮಾನಿನ ಮೇಲೆ ಬರ್ದಿರೋ ನಂಬರ್‌ಗೂ ಆ ಸಾಮಾನಿಗೂ ತಾಳೆ ಆಗ್ಲಿಲ್ಲ ಅಂದ್ರೆ ಬ್ಲೇಡ್ ತಗೊಂಡು ಲೇಬಲ್ ಕೆರ್ದ್‌ಹಾಕ್ಬಿಡೋರು. ಏನೂ ಬರೀದೆ ಇರ್ಲಿ, ಸುಳ್ಳು ಬರ್ದಿರ್ಬಾರ್ದು ಅನ್ನೋರು." ನಕ್ಕೆ. ಮನೆಯಲ್ಲಿ ನಾನು ಸಕ್ಕರೆ ಡಬ್ಬಿಗೆ ರವೆ ಹಾಕಿದಾಗಲೂ ಇದೇ ನಡೆದಿತ್ತು. ಡಬ್ಬಿಯ ಮೇಲಿನ ಚೀಟಿ ಮಾಯ.

೧೪ ಜುಲೈ, ಶನಿವಾರ

ಇಂದಿರಾನಗರದ ಬ್ರೌಸಿಂಗ್ ಸೆಂಟರಿಗೆ ಮತ್ತೆ ಹೋಗಿದ್ದೆ. ಪ್ರಪಂಚದಲ್ಲಿ ಹಳೆಯ ಮನೆ-ಕಂಪ್ಯೂಟರುಗಳನ್ನು ಕೂಡಿಹಾಕುವವರ ಗುಂಪುಗಳಿವೆ. ಅವರು ಪರಸ್ಪರ ಪತ್ರ ಬರೆದುಕೊಳ್ಳುವ ಜಾಗ ಸಿಕ್ಕಿದೆ. ಮೊದಲ ಸಲ ಹೋದಾಗ ನನ್ನ ಮುರುಕು ಇಂಗ್ಲಿಷಿನಲ್ಲಿ ವೆಲ್ಟನ್ ೧೬ ಬಗ್ಗೆ ಕೇಳಿದ್ದೆ. ಒಬ್ಬರು, ಅಂಥದ್ದೊಂದು ಇರಲೇ ಇಲ್ಲ ಎಂದು ಬರೆದಿದ್ದಾರೆ. ಇನ್ನೊಬ್ಬರು, ಆ ಕಂಪನಿ ಒಂದೇ ವರ್ಷಕ್ಕೆ ಮುಚ್ಚಿತು, ನಿಮ್ಮದನ್ನು ಮಾರುತ್ತೀರಾ ಎಂದು. ಫಿನ್ಲೆಂಡಿನ ಒಬ್ಬರು ಹಳೆಯ ಪತ್ರಿಕೆಯ ಜಾಹೀರಾತು ಕಳಿಸಿದ್ದಾರೆ. ಅದರಲ್ಲಿ ನಗುವ ಅಪ್ಪ, ನಗುವ ಅಮ್ಮ, ನಗುವ ಮಗ ಇದ್ದಾರೆ. ವೋಲ್ಟು ಇಲ್ಲ.

ಪಕ್ಕದ ಕ್ಯಾಬಿನ್ನಿನಲ್ಲಿ ಹುಡುಗರು ಕಿಸಕಿಸ ನಗುತ್ತಿದ್ದರು. ನನಗೆ ಅವರ ಮೇಲೆ ಕಾರಣವಿಲ್ಲದ ಸಿಟ್ಟು ಬಂತು. ಮನೆಗೆ ಬಂದರೆ ಮಾವ ಬಾಗಿಲ ಕಡೆಯೇ ನೋಡುತ್ತಾ ಕೂತಿದ್ದರು. ಇಲ್ಲ ಎಂದು ತಲೆಯಾಡಿಸಿದೆ. ಅವರೂ ತಲೆಯಾಡಿಸಿದರು.  ಮನೆಯ ಮೇಲೆ ಹಾದು ಒಂದು ವಿಮಾನ ಇಳಿಯಿತು. ಮಾವ ಕಿವಿಗೊಟ್ಟು ಮುಖ ಸಿಂಡರಿಸಿದರು. ಆ ಇಂಜಿನ್ನೂ ಪಾಸಾಗಲಿಲ್ಲ ಅಂತ ಕಾಣುತ್ತದೆ.

೨೮ ಜುಲೈ, ಶನಿವಾರ

ಸಿಕ್ಕಿತು!

ಐರ್ಲೆಂಡಿನ ಒಬ್ಬ ಮೇಷ್ಟ್ರು ತಮ್ಮ ಹತ್ತಿರವಿರುವ ಮ್ಯಾನ್ಯುಅಲಿನ ಪುಟಗಳ ಚಿತ್ರ ತೆಗೆದು ಕಳಿಸಿದ್ದಾರೆ. ಗುರುತಿಲ್ಲ, ಪರಿಚಯವಿಲ್ಲ, "ನಿಮ್ಮ ಮಾವನಿಗೆ ಒಳ್ಳೆಯದಾಗಲಿ" ಎಂದು ಕೊನೆಯಲ್ಲಿ ಬರೆದಿದ್ದಾರೆ. ಬ್ರೌಸಿಂಗ್ ಸೆಂಟರಿನಲ್ಲೇ ಕಣ್ಣೊರೆಸಿಕೊಂಡೆ. ಪ್ರಿಂಟು ತೆಗೆಸಿದೆ. ಎರಡನೇ ಪುಟದಲ್ಲಿ, ಚೌಕದೊಳಗೆ ದಪ್ಪಕ್ಷರದಲ್ಲಿ: ಒಂಬತ್ತು ವೋಲ್ಟ್ ಮಾತ್ರ. ಹೆಚ್ಚು ಕೊಟ್ಟರೆ ಯಂತ್ರ ಶಾಶ್ವತವಾಗಿ ಹಾಳಾಗುತ್ತದೆ.

ಮಾವನಿಗೆ ತೋರಿಸಿದೆ. ಕಾಗದವನ್ನು ನೋಡಿದರು, ಬೆರಳಿನಿಂದ ಆ ಚೌಕವನ್ನು ಗೀರಿದರು, ಗೀರುತ್ತಲೇ ಇದ್ದರು. "ಹ್ಞೂಂ ಮಾವ, ಇದೇ, ಒಂಬತ್ತು" ಎಂದೆ. "ಏಳು" ಎಂದರು. ಖುಷಿಗೆ ಹಾಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಕಾಗದ ಹರಿದೇ ಹೋಗುತ್ತಿತ್ತು, ಕಿತ್ತುಕೊಂಡೆ.

೪ ಆಗಸ್ಟ್, ಶನಿವಾರ

ಮುನೀರ್ ಮನೆಗೇ ಬಂದರು. ಒಂಬತ್ತು ವೋಲ್ಟಿನ ಅಡಾಪ್ಟರ್ ತಂದಿದ್ದರು. ಟೀವಿಗೆ ಸಿಕ್ಕಿಸಿ, ಮಾವನನ್ನು ಮುಂದೆ ಕೂರಿಸಿ, ಬಿಸ್ಮಿಲ್ಲಾ ಎಂದು ಸ್ವಿಚ್ ಹಾಕಿದರು.

ಏನೂ ಇಲ್ಲ. ದೀಪವಿಲ್ಲ, ಶಬ್ದವಿಲ್ಲ. ಟೀವಿಯಲ್ಲಿ ಬರೀ ಚುಕ್ಕಿಗಳ ಎರಚಲು. ಮುಚ್ಚಳ ತೆಗೆದು ಮೀಟರ್ ಹಿಡಿದರು. "ಕಪ್ಪು ಡಬ್ಬಿವರೆಗೂ ಬರ್ತಿದೆ. ಅದರಿಂದಾಚೆ ಇಲ್ಲ. ಅದೇ ಸತ್ತಿದೆ ಮೇಡಂ. ಆ ಡಬ್ಬಿ ಈ ಕಾಗಜ್‌ನಲ್ಲೂ ಇಲ್ಲ, ಎಲ್ಲಿಂದ ತರ್ಲಿ? ಮಾಫ್ ಮಾಡಿ."

ಮಾವ ಅಡಾಪ್ಟರಿನ ವೈರು ಕಿತ್ತು ಎಸೆದರು. "ಏಳು! ಏಳು! ಆಯ್ತಲ್ಲ!" ಎಂದು ಕೂಗಿದರು, ಮಂಚ ಬಡಿದರು. ವಿಕ್ರಮ್ ಅಪ್ಪನ ಕೈ ಹಿಡಿದು, ಅವರ ಎದುರಿಗೇ ನನಗೆ ಹೇಳಿದರು: "ಸಾಕು ಬಿಡು. ಎರಡು ತಿಂಗಳಿಂದ ಇದೊಂದು ಹುಚ್ಚು ಹಿಡಿಸಿದೀಯ. ನಾಳೆ ಕೆ.ಆರ್. ಪುರದವರಿಗೆ ಫೋನ್ ಮಾಡ್ತೀನಿ. ಅಪ್ಪನಿಗೆ ಏನು ತಿಳಿಯತ್ತೆ, ಎಲ್ಲಿದ್ರೂ ಒಂದೇ."

ನಾನು ಬಗ್ಗಿ, ಮಾವ ಎಸೆದ ವೈರನ್ನು ಸುತ್ತಿ ಮುನೀರ್ ಕೈಗೆ ಕೊಟ್ಟೆ. 

೮ ಆಗಸ್ಟ್, ಬುಧವಾರ

ಮಾವ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಗಂಜಿಯೂ ಬೇಡ.

ಕೆ.ಆರ್. ಪುರದ ಆ ಜಾಗ ನೋಡಿ ಬಂದೆ. ಕೆಟ್ಟದ್ದಲ್ಲ. ನೆಲ ಸ್ವಚ್ಛವಿದೆ, ಸಾಲು ಮಂಚ, ದೊಡ್ಡ ಟೀವಿ. ಅಲ್ಲಿನ ಮೇಲ್ವಿಚಾರಕಿ ಕೇಳಿದರು, "ನಿಮ್ಮ ಪೇಷೆಂಟು ತುಂಬಾ ಕೇಳ್ತಾರಾ? ಅದು ಬೇಕು ಇದು ಬೇಕು ಅಂತ?" ಇಲ್ಲ, ಮಾತಿಲ್ಲ ಎಂದೆ. "ಹಾಗಾದ್ರೆ ಏನೂ ತೊಂದ್ರೆ ಇಲ್ಲ ಬಿಡಿ" ಎಂದರು.

ಒಳ್ಳೆಯ ಮನಸ್ಸಿನಿಂದಲೇ ಅಂದರು. ಬಸ್ಸಿನಲ್ಲಿ ಕೂತ ಮೇಲೂ ಆ ಮಾತೇ ಕಿವಿಯಲ್ಲಿತ್ತು. ಮನೆ ತಲುಪಿದರೂ ಹೋಗಿಲ್ಲ.

೧೩ ಆಗಸ್ಟ್, ಸೋಮವಾರ

ನಡೆದದ್ದನ್ನು ಸಾಲಾಗಿ, ನಿಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ಅಕ್ಕಿ ಮೂಟೆ ಬಂತು. ಅಮ್ಮಣ್ಣಿ ನಡುಮನೆಯಲ್ಲಿ ಕೂತು ಸೇರಿನಲ್ಲಿ ಅಳೆದು ಡ್ರಮ್ಮಿಗೆ ಸುರಿಯುತ್ತಿದ್ದಳು. ಅವಳು ಹಳೇ ಕಾಲದವಳು, ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. "ಲಾಭ" ಎಂದು ಸುರಿದಳು. "ಎರಡು… ಮೂರು…" ಅಷ್ಟರಲ್ಲಿ ನಾನು ಕರೆದೆ ಎಂದು ಎಣಿಕೆ ನಿಲ್ಲಿಸಿ ತಿರುಗಿದಳು.

"ನಾಕು" ಎಂದಿತು ಮಂಚದ ಕಡೆಯಿಂದ ಒಂದು ದನಿ.

ನಾವಿಬ್ಬರೂ ಕಲ್ಲಾದೆವು. ಮಾವ ಗೋಡೆಯ ಕಡೆಗೇ ಮುಖ ಮಾಡಿದ್ದರು. ಅಮ್ಮಣ್ಣಿಯೇ ಚುರುಕು, ಇನ್ನೊಂದು ಸೇರು ಸುರಿದಳು. "ಐದು" ಎಂದರು ಮಾವ. "ಆರು. ಏಳು. ಎಂಟು." ಏಳನ್ನು ದಾಟಿ ಹೋದರು! ಸ್ಪಷ್ಟವಾಗಿ, ತಮ್ಮ ಹಳೆಯ ದನಿಯಲ್ಲಿ.

ನಾನು ಓಡಿ ಹೋಗಿ ಮಂಚದ ಪಕ್ಕ ಕೂತೆ. "ಮಾವ, ಒಂದು" ಎಂದೆ. "ಆಯ್ತಲ್ಲ." "ಮಾವ, ಲಾಭ" ಎಂದೆ. "ಲಾಭ, ಎರಡು, ಮೂರು…" ಹೊರಟೇಬಿಟ್ಟಿತು. ಅವರ ತಾಯಿ ರಾಗಿ ಅಳೆಯುವಾಗ ಪಕ್ಕದಲ್ಲಿ ಕೂತು ಕಲಿತ ಎಣಿಕೆ ಇರಬೇಕು. ಥೆರಪಿಯ ಹುಡುಗಿ ದಿನಾ ಒಂದು ಒಂದು ಎಂದು ತಟ್ಟಿದ್ದು ಬೇರೆ ಯಾವುದೋ ಬಾಗಿಲು.

"ಮಾವ, ಲಾಭದಿಂದ ಎಣಿಸಿ, ಸರಿಯಾದ ಕಡೆ ನಿಲ್ಲಿಸಿ. ಈ ಮನೇಲಿ ನಾವು ಎಷ್ಟು ಜನ?" ಲಾಭ, ಎರಡು, ಮೂರು. ನಿಂತರು. "ನಿಮಗೆ ಎಷ್ಟು ಮಕ್ಕಳು?" ಲಾಭ, ಎರಡು. ಸರಿ.  "ಆ ಕಂಪ್ಯೂಟರಿಗೆ ಎಷ್ಟು ವೋಲ್ಟು?"

ಲಾಭದಿಂದ ಹೊರಟರು. ಒಂಬತ್ತು ಬಂತು. ನಿಲ್ಲಲಿಲ್ಲ. ಹತ್ತು, ಹನ್ನೊಂದು, ಹನ್ನೆರಡು. ನಿಂತರು. ನನ್ನನ್ನೇ ನೋಡಿದರು.

ಮತ್ತೆ ಕೇಳಿದೆ. ಮತ್ತೆ ಹನ್ನೆರಡು. ಸಂಜೆ ಕೇಳಿದರೂ ಹನ್ನೆರಡು.

ಕಾಗದ ಒಂಬತ್ತು ಎನ್ನುತ್ತದೆ. ಹೆಚ್ಚು ಕೊಟ್ಟರೆ ಶಾಶ್ವತವಾಗಿ ಹಾಳು ಎನ್ನುತ್ತದೆ. ಆಗ ಚಿಕ್ಕವೆಂಕಟಪ್ಪನವರ ಮಾತು ನೆನಪಾಯಿತು. ಮಕ್ಕಳು ಕೆರೆದ ಲೇಬಲ್ ಅಲ್ಲ ಅದು. ಕೆರೆದವರು ಇವರೇ. ಅಲ್ಲಿ ಬರೆದಿದ್ದ ಒಂಬತ್ತು ಸುಳ್ಳಾಗಿತ್ತು, ಅದಕ್ಕೆ. ಐರ್ಲೆಂಡಿನ ಕಾಗದದ ಮೇಲೂ ಉಗುರಿನಿಂದ ಕೆರೆದರು, ನಾನು ಕಿತ್ತುಕೊಂಡೆ. ಆ ಕಪ್ಪು ಡಬ್ಬಿ ಕಂಪನಿಯದ್ದಾಗಿದ್ದರೆ ಮ್ಯಾನ್ಯುಅಲಿನಲ್ಲಿ ಇರಬೇಕಿತ್ತಲ್ಲ? ಹನ್ನೆರಡು ವೋಲ್ಟಿಗೆ ಹೊಂದಿಸಲು ಅದನ್ನು ಕೂರಿಸಿದವರೂ ಇವರೇ ಇರಬೇಕು.

"ಹನ್ನೆರಡು ವೋಲ್ಟು ಎಲ್ಲಿಂದ ಬರ್ತಿತ್ತು ಮಾವ?" ಎಂದೆ. ಎಡಗೈ ಎತ್ತಿ ಕಿಟಕಿಯ ಕಡೆ ತೋರಿಸಿದರು. ಕಿಟಕಿಯಲ್ಲಿ ಆಸ್ಪತ್ರೆಯ ರಿಪೋರ್ಟುಗಳು ನೇತಾಡುತ್ತಿದ್ದವು, ಆ ಮೊಸಳೆ ಬಾಯಿಯ ಕ್ಲಿಪ್ಪಿನಲ್ಲಿ.

೧೫ ಆಗಸ್ಟ್, ಬುಧವಾರ

ಮುನೀರ್‌ಗೆ ಫೋನ್ ಮಾಡಿದ್ದೆ. ಕ್ಲಿಪ್ಪಿನ ವೈರು ಎಂದ ಕೂಡಲೇ ಆ ಕಡೆಯಿಂದ ಹಣೆ ಬಡಿದುಕೊಂಡ ಶಬ್ದವೇ ಕೇಳಿಸಿತು. "ಕಾರ್ ಬ್ಯಾಟ್ರಿ ಮೇಡಂ! ಎಂಬತ್ತೈದು ಎಂಬತ್ತಾರಲ್ಲಿ ಕರೆಂಟ್ ಎಲ್ಲಿರ್ತಿತ್ತು? ಎಷ್ಟು 'ಬ್ಲ್ಯಾಕ್ ಅಂಡ್ ವೈಟ್' ಟೀವಿಗೆ ನಾನೇ ಬ್ಯಾಟ್ರಿ ವೈರ್ ಹಾಕ್ಕೊಟ್ಟಿಲ್ಲ! ಈ ವೈರ್ ಆವತ್ತೇ ಯಾಕೆ ತರ್ಲಿಲ್ಲ?" ರಿಪೋರ್ಟು ಕಚ್ಚಿಸಿಟ್ಟಿದ್ದೆ ಎಂದೆ. ಆಮೇಲೆ ದನಿ ತಗ್ಗಿಸಿದರು. "ಆದ್ರೂ ಕಾಗಜ್ ಒಂಬತ್ತು ಅಂತಿದೆ. ಅವರಿಗೆ ಹುಷಾರಿಲ್ಲ. ನಾನು ಕೈ ಹಾಕಲ್ಲ ಮೇಡಂ. ಸುಟ್ಟೋದ್ರೆ ಅವರ ಮುಖನೂ ನೋಡ್ಬೇಕಾಗತ್ತೆ."

ವಿಕ್ರಮ್‌ಗೆ ಹೇಳಿದೆ. "ಅಪ್ಪ ಏಳು ಅಂದ್ರೆ ಏಳು ಕೊಡ್ತೀಯ, ಹನ್ನೆರಡು ಅಂದ್ರೆ ಹನ್ನೆರಡು ಕೊಡ್ತೀಯ. ಸುಟ್ಟು ಹೊಗೆ ಬಂದ್ರೆ ಅವರನ್ನ ಸುಧಾರಿಸೋರು ಯಾರು?" ಎಂದರು. ಜಗಳವಾಯಿತು. ಮದುವೆಯಾದ ಮೇಲೆ ನಾನು ಇಷ್ಟು ಜೋರಾಗಿ ಕೂಗಿರಲಿಲ್ಲ. "ನೀವ್ಯಾರೂ ಅವರನ್ನ ನಂಬದೇ ಇರೋದಕ್ಕೇ ಅವರು ಹಾಗಿರೋದು" ಎಂದುಬಿಟ್ಟೆ. ನೀವ್ಯಾರೂ ಎಂದವಳು ನಾನು! ಜೂನಿನಲ್ಲಿ ನನಗೇನೂ ಬೇಜಾರಿಲ್ಲ ಎಂದು ಬರೆದದ್ದು ಯಾರೋ.

೧೯ ಆಗಸ್ಟ್, ಭಾನುವಾರ

ಬೆಳಿಗ್ಗೆ ತಿಂಡಿಯಾದ ಮೇಲೆ ವಿಕ್ರಮ್ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ತಮ್ಮ ಕಾರಿನ ಬ್ಯಾಟರಿ ಬಿಚ್ಚಿ, ಹಳೆಯ ಪೇಪರಿನ ಮೇಲೆ ಇಟ್ಟುಕೊಂಡು ಬಂದು ಮಂಚದ ಮುಂದೆ ಇಳಿಸಿದರು. "ಅಪ್ಪ, ಎಷ್ಟು?" ಎಂದರು.

"ಲಾಭ ಅನ್ನಬೇಕು" ಎಂದೆ.

"ಲಾಭ" ಎಂದರು ವಿಕ್ರಮ್, ನಾಚಿಕೊಂಡು.

ಮಾವ ಎಣಿಸಿದರು. ಹನ್ನೆರಡಕ್ಕೆ ನಿಂತರು. ನಾನು ರಿಪೋರ್ಟುಗಳಿಂದ ವೈರು ಬಿಡಿಸಿ ಕೊಟ್ಟೆ. ವಿಕ್ರಮ್ ಕ್ಲಿಪ್ಪು ಹಾಕಲು ಬಗ್ಗಿದಾಗ ಮಾವ ಅವರ ಕೈ ತಳ್ಳಿ, ತಾವೇ ಎಡಗೈಯಿಂದ ಕಪ್ಪನ್ನು ಕಚ್ಚಿಸಿದರು. ಆಮೇಲೆ ಕೆಂಪನ್ನು ಬ್ಯಾಟರಿಯ ಮೇಲೆ ಇಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಸುಟ್ಟ ವಾಸನೆಗೆ ಮೂಗು ಕಾಯುತ್ತಿತ್ತು.

ಟಕ್ ಎಂದು ಕಪ್ಪು ಡಬ್ಬಿಯೊಳಗೆ ಒಂದು ಸಣ್ಣ ಶಬ್ದ. ಕಣ್ಣು ಬಿಟ್ಟರೆ ಟೀವಿಯಲ್ಲಿ ಎರಚಲು ಇರಲಿಲ್ಲ. ಶಾಂತವಾದ ನೀಲಿ. ಮೂಲೆಯಲ್ಲಿ ವೆಲ್ಟನ್ ೧೬ ಎಂಬ ಹೆಸರು, ಅದರ ಕೆಳಗೆ ಮಿಣುಕುವ ಒಂದು ಚೌಕ.

ಮಾವ ಎಡಗೈಯಿಂದ ಒಂದೊಂದೇ ಗುಂಡಿ ಒತ್ತಿದರು. ಏನೋ ತಪ್ಪಾಯಿತು, ಯಂತ್ರ ಪೀಂ ಎಂದು ತಪ್ಪು ಹೇಳಿತು. ಮಾವ ತಲೆಯಾಡಿಸಿ, ಅಳಿಸಿ, ಮತ್ತೆ ಒತ್ತಿದರು. ಮತ್ತೆ ಪೀಂ. ಜನ್ಮವಿಡೀ ಬೇರೆಯವರನ್ನು ತಿದ್ದಿದವರು ಅದರ ಮುಂದೆ ಎಂಥ ವಿಧೇಯರು! ಮಧ್ಯಾಹ್ನದವರೆಗೂ ಬಿಡಲಿಲ್ಲ. ಕೊನೆಗೆ ಪರದೆಯ ತುಂಬ ಸಾಲು ಸಾಲಾಗಿ ಅಂಕಿಗಳು ಇಳಿದವು, ಒಂದರಿಂದ ಹನ್ನೆರಡರವರೆಗೆ, ಮತ್ತೆ ಮತ್ತೆ. ಮಾವ ಅದನ್ನು ತೋರಿಸಿ ವಿಕ್ರಮ್ ಕಡೆ ತಿರುಗಿದರು.

ವಿಕ್ರಮ್ ಎದ್ದು ವರಾಂಡಕ್ಕೆ ಹೋದರು. ಹಿಂದೆಯೇ ಹೋದೆ. "ಅವರಿಗೆ ಎಲ್ಲಾ ತಿಳೀತಿದೆ ಕಣೇ" ಎಂದರು. "ನಾನು ಅವರ ಮುಂದೇನೇ ಏನೇನೆಲ್ಲಾ ಮಾತಾಡಿದೆ. ಎಲ್ಲಾ ಕೇಳಿಸ್ಕೊಂಡು ಮಲಗಿದ್ರು." ಅವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು, ಅತ್ತೆ ಹೋದಾಗಲೂ ಅತ್ತಿರಲಿಲ್ಲ.

೨೬ ಆಗಸ್ಟ್, ಭಾನುವಾರ

ಗೋಡೆಗೆ ಒಂದು ರಟ್ಟು ಹಾಕಿದ್ದೇವೆ. ಲಾಭ ಎಂದರೆ ನೀರು. ಎರಡು ಬಚ್ಚಲು. ಮೂರು ನೋವು. ನಾಲ್ಕು ಫ್ಯಾನು. ಹೀಗೆ. ಮಾವ ಎಣಿಸಿ ನಿಲ್ಲುತ್ತಾರೆ, ನಿಂತದ್ದನ್ನು ನಾವು ನಂಬುತ್ತೇವೆ. ಅಮ್ಮಣ್ಣಿ ಎರಡು ದಿನ ಪರೀಕ್ಷೆ ಮಾಡಿ, "ಇರ್ತೀನಿ ಅಕ್ಕಾ. ನನ್ ಗಂಡನೇ ಇಷ್ಟು ಕರೆಕ್ಟಾಗಿ ಹೇಳಲ್ಲ" ಎಂದಳು. ಕೆ.ಆರ್. ಪುರಕ್ಕೆ ಬರುವುದಿಲ್ಲವೆಂದು ವಿಕ್ರಮ್ ಫೋನ್ ಮಾಡಿದರು. ನಾನು ಐರ್ಲೆಂಡಿನ ಮೇಷ್ಟ್ರಿಗೆ ಬರೆದೆ: ನಿಮ್ಮ ಕಾಗದ ಸರಿಯಾಗಿದೆ, ನಮ್ಮ ಮನೆಯ ವೆಲ್ಟನ್ ಮಾತ್ರ ಬೇರೆ. ಮುನೀರ್‌ಗೂ ಹೇಳಿದೆ. ಬ್ಯಾಟರಿ ಚಾರ್ಜು ಮಾಡುವ ನೆಪದಲ್ಲಿ ಬಂದು, ಬಹಳ ಹೊತ್ತು ಕೂತು, ಕಪ್ಪು ಡಬ್ಬಿಗೆ ಸಲಾಮು ಹೊಡೆದು ಹೋದರು.

ನಾಳೆಯಲ್ಲ, ಅದರಾಚೆಯ ಸೋಮವಾರ ಆಫೀಸು. ಸೀರೆ ಇಸ್ತ್ರಿಗೆ ಕೊಡಬೇಕು. ಯಾಕೋ ಅಂಥ ಅವಸರವೇನೂ ಅನ್ನಿಸುತ್ತಿಲ್ಲ.

೩ ಸೆಪ್ಟೆಂಬರ್, ಸೋಮವಾರ

ಮೊದಲ ದಿನ. ಮೇಜಿನ ಮೇಲೆ ಫೈಲುಗಳ ಗುಡ್ಡ, ವಾಪಸು ಬರುವಾಗ ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲ. ಕಾಲು ನೋವಿಗೆ ಅಳು ಬರುವಂತಿತ್ತು. ಬೀದಿ ಕೊನೆಯ ಗಾಡಿಯಲ್ಲಿ ನೋಡದೆ ಗೀಡದೆ ಹುರುಳಿಕಾಯಿ, ಟೊಮೇಟೊ ಹಾಕಿಸಿಕೊಂಡು ಬಂದೆ. ಚೀಲವನ್ನು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು, "ಹೇಗಿದ್ರಿ ಮಾವ, ಊಟ ಆಯ್ತಾ?" ಎಂದು ಚಪ್ಪಲಿ ಬಿಡಲು ಬಗ್ಗಿದೆ.

ಲಟಕ್ ಎನ್ನುವ ಶಬ್ದ ಬರಲಿಲ್ಲ. ತಲೆ ಎತ್ತಿ ನೋಡಿದರೆ ಮಾವನ ಎಡಗೈಯಲ್ಲಿ ಒಂದು ಹುರುಳಿಕಾಯಿ, ಕಿವಿಯ ಹತ್ತಿರ. ಬಾಗಿತ್ತು, ಮುರಿದಿರಲಿಲ್ಲ. ನಾರು ನೇತಾಡುತ್ತಿತ್ತು. ಅದನ್ನು ನನ್ನ ಕಡೆ ಹಿಡಿದರು. ಬಾಯಿ ತಿರುಚಿತು. ಎಣಿಕೆ ಶುರು ಮಾಡುತ್ತಾರೆಂದು ನಾನು ಗೋಡೆಯ ರಟ್ಟಿನ ಕಡೆ ನೋಡಿದೆ.

"ರಿಜೆಕ್ಟ್" ಎಂದರು.

ಲಾಭವಿಲ್ಲ, ಎರಡಿಲ್ಲ, ಯಾರ ಸಹಾಯವೂ ಇಲ್ಲ. ನಾನು ಅಲ್ಲೇ ನೆಲದ ಮೇಲೆ, ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ಕೂತುಬಿಟ್ಟೆ. ಎಷ್ಟು ಅತ್ತೆನೋ ಗೊತ್ತಿಲ್ಲ. ಅಮ್ಮಣ್ಣಿ ಗಾಬರಿಯಾಗಿ ಓಡಿ ಬಂದಳು. ಮಾವನಿಗೂ ಗಾಬರಿ, ಹುರುಳಿಕಾಯಿಯನ್ನು ಚೀಲಕ್ಕೆ ವಾಪಸು ಹಾಕಲು ನೋಡಿದರು.

"ಬೇಡ ಮಾವ, ಸರಿಯಾಗೇ ಹೇಳಿದ್ರಿ" ಎಂದು ಕಣ್ಣೊರೆಸಿಕೊಂಡೆ. ಆಮೇಲೆ ಚೀಲದಿಂದ ಟೊಮೇಟೊ ತೆಗೆದು ಒಂದೊಂದಾಗಿ ಅವರ ಮುಂದೆ ಜೋಡಿಸಿದೆ.

"ಇದನ್ನೂ ನೋಡಿಬಿಡಿ" ಎಂದೆ.